ಕೀಲಿ ಸದ್ದಿಗೆ ಬೆಚ್ಚುತ್ತಿದ್ದ ಮಗಳಿಗೆ

ಪ್ರೀತಿಯ ಮಗಳೇ,

ಹೋದ ವಾರ ಫೋನಿನಲ್ಲಿ ನೀನೊಂದು ಪ್ರಶ್ನೆ ಕೇಳಿದೆ. "ಅಪ್ಪಾ, ನೀನು ಬದಲಾಗಿದ್ದು ನಿಜವಾಗಲೂ ನಂಬಿಕೆಯಿಂದಾನಾ? ಇಲ್ಲ, ವಯಸ್ಸಾಯ್ತು ಅಂತಾನಾ?" ನಾನು ಮಾತು ಬೇರೆ ಕಡೆ ತಿರುಗಿಸಿದೆ. ಆದರೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಉತ್ತರ ಬಾಯಲ್ಲಿ ಹೇಳುವುದು ಕಷ್ಟ, ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಆಗ ಆರು ವರ್ಷ. ಒಂದು ಶನಿವಾರ ಸಂಜೆ ಕೀಲಿ ತಿರುಗಿಸಿ ಒಳಗೆ ಬಂದೆ. ನೀನು ನೆಲದ ಮೇಲೆ ಕೂತು ಚಿತ್ರ ಬರೆಯುತ್ತಿದ್ದೆ. ತಲೆ ಎತ್ತಿ ನೋಡುವ ಮೊದಲೇ ಬಣ್ಣದ ಪೆನ್ಸಿಲ್‌ಗಳನ್ನೆಲ್ಲ ಬಾಚಿ ಡಬ್ಬಿಗೆ ತುಂಬತೊಡಗಿದೆ. ಹಸಿರು ಪೆನ್ಸಿಲ್ ಒಂದು ಉರುಳಿ ಮಂಚದ ಕೆಳಗೆ ಹೋಯಿತು. ಬೋರಲು ಮಲಗಿ ಕೈ ಚಾಚಿದೆ. ಸಿಗಲಿಲ್ಲ. ಹಾಗೇ ಕತ್ತು ತಿರುಗಿಸಿ ನನ್ನ ಕಡೆ ನೋಡಿದೆ. ನಾನಿನ್ನೂ ಒಂದು ಮಾತೂ ಆಡಿರಲಿಲ್ಲ, ಮಗಳೇ. ಕೀಲಿ ಸದ್ದಿಗೇ ನೀನು ಹೆದರಿದ್ದೆ.

ಮಾರನೇ ದಿನ ಬೆಳಿಗ್ಗೆ ನಾನು ಸಂಡೇ ಸ್ಕೂಲಿನಲ್ಲಿ ನಿನ್ನದೇ ವಯಸ್ಸಿನ ಮಕ್ಕಳಿಗೆ ಯೇಸು ಸ್ವಾಮಿಯ ಪ್ರೀತಿಯ ಬಗ್ಗೆ ಪಾಠ ಮಾಡಿದೆ.

ಪಾಪ ಅಂದರೆ ನಮ್ಮ ಚರ್ಚ್ ಸಭೆಯ ಗಂಡಸರಿಗೆ ತಟ್ಟನೆ ನೆನಪಾಗುವುದು ಕುಡಿತ, ಜೂಜು, ಹೆಣ್ಣಿನ ಸಹವಾಸ. ಇವು ಮೂರೂ ನನ್ನಲ್ಲಿರಲಿಲ್ಲ. ಹಾಗಾಗಿ ನಾನು ಶುದ್ಧ ಅಂದುಕೊಂಡಿದ್ದೆ. ಬೈಬಲ್ಲಿನಲ್ಲಿ ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಪಾಪಗಳ ಒಂದು ಪಟ್ಟಿ ಕೊಡುತ್ತಾನೆ. ಶುರುವಿನಲ್ಲೇ ಜಾರತ್ವ ಇದೆ, ಕೊನೆಯ ಹತ್ತಿರ ಕುಡಿಕತನ ಇದೆ. ಇವೆರಡರ ನಡುವೆ ಸಿಟ್ಟೂ ಇದೆ. ಅದನ್ನು ಎಷ್ಟು ಸಲ ಓದಿದ್ದೆನೋ. ಆದರೂ ನನ್ನ ಸಿಟ್ಟಿಗೆ ನಾನು ಇಟ್ಟಿದ್ದ ಹೆಸರು ಸ್ವಭಾವ. "ನಮ್ಮಪ್ಪನೂ ಹೀಗೇ ಇದ್ದರು" ಅಂತ ನಿನ್ನ ಅಮ್ಮನ ಬಾಯಿ ಮುಚ್ಚಿಸುತ್ತಿದ್ದೆ.

ಆ ಸಂಜೆಯ ನಂತರ ಸುಮ್ನೆ ಕೂರಲಿಲ್ಲ. ಉಪವಾಸ ಮಾಡಿದೆ. ಇನ್ನು ಮೇಲೆ ಕೂಗಾಡುವುದಿಲ್ಲ ಅಂತ ಬೈಬಲ್ಲಿನ ಕೊನೆಯ ಖಾಲಿ ಹಾಳೆಯಲ್ಲಿ ತಾರೀಕು ಹಾಕಿ ಬರೆದೆ. ಅಂಥ ಒಂಬತ್ತು ತಾರೀಕುಗಳು ಅಲ್ಲಿವೆ, ಬಂದಾಗ ತೋರಿಸುತ್ತೇನೆ. ಒಂದೊಂದೂ ಕೆಲವೇ ದಿನ ಬಾಳಿತು. ಹೀಗೇ ನಾಲ್ಕು ವರ್ಷ ಕಳೆಯಿತು.

ಆಮೇಲೆ ಒಂದು ದಿನ ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯ ಓದುತ್ತಿದ್ದೆ. ಯಾವುದನ್ನು ದ್ವೇಷಿಸುತ್ತೇನೋ ಅದನ್ನೇ ಮಾಡುತ್ತೇನೆ ಅಂತ ಪೌಲ ಅಲ್ಲಿ ಗೋಳಾಡುತ್ತಾನೆ. ಕೊನೆಗೆ ಅವನು ಕೇಳುವ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ಹೇಗೆ ಬಿಡಿಸಿಕೊಳ್ಳಲಿ ಅಂತ ಅವನು ಕೇಳುವುದಿಲ್ಲ. ನನ್ನನ್ನು ಬಿಡಿಸುವವರು ಯಾರು ಅಂತ ಕೇಳುತ್ತಾನೆ. ನನ್ನ ಒಂಬತ್ತು ತಾರೀಕುಗಳಲ್ಲಿ ಬರೀ "ಹೇಗೆ" ಇತ್ತು, "ಯಾರು" ಇರಲಿಲ್ಲ. 8ನೇ ಅಧ್ಯಾಯ ತೆರೆದುಕೊಳ್ಳುವುದೇ ಕ್ರಿಸ್ತನಲ್ಲಿ ಇರುವವರಿಗೆ ಅಪರಾಧದ ತೀರ್ಪು ಇಲ್ಲ ಅನ್ನುವ ಮಾತಿನಿಂದ. ನಾನು ಮೊದಲು ಸರಿಹೋಗಿ, ಆಮೇಲೆ ದೇವರ ಮುಂದೆ ನಿಲ್ಲಬೇಕು ಅಂದುಕೊಂಡಿದ್ದೆ. ಅಲ್ಲಿ ಕ್ಷಮೆಯೇ ಮೊದಲು. ಆ ದಿನ ತುಂಬಾ ಅತ್ತೆ.

ಅತ್ತರೆ ಸಾಕಾಗಲಿಲ್ಲ. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ ಅಂತ ಬೈಬಲ್ಲಿನ ಇನ್ನೊಂದು ಪತ್ರದಲ್ಲಿ ಯಾಕೋಬ ಬರೆಯುತ್ತಾನೆ. ನಾವು ಗಂಡಸರು ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತಿರುತ್ತೇವೆ, ಕೆಲಸಕ್ಕೆ, ಆರೋಗ್ಯಕ್ಕೆ ಪ್ರಾರ್ಥನೆ ಕೇಳುತ್ತೇವೆ. ನಿಜವಾಗಿ ಕೊರೆಯುತ್ತಿರುವುದನ್ನು ಮಾತ್ರ ಹೇಳುವುದಿಲ್ಲ. ಒಂದು ರಾತ್ರಿ ಪ್ರಾರ್ಥನಾ ಕೂಟ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರಿಗೆ ಹೇಳಿಬಿಟ್ಟೆ: "ನನ್ನ ಮಗಳು ನನ್ನನ್ನು ಕಂಡರೆ ಹೆದರುತ್ತಾಳೆ." ಅವರು ಉಪದೇಶ ಮಾಡಲಿಲ್ಲ. "ಇದನ್ನು ಮನೆಯಲ್ಲಿ ಹೇಳಿದ್ದೀಯಾ?" ಅಂತ ಮಾತ್ರ ಕೇಳಿದರು. ಮನೆಗೆ ಬಂದು ನಿಮ್ಮಿಬ್ಬರ ಮುಂದೆ ಕೂತು ಹೇಳಿದ್ದು ನಿನಗೆ ನೆನಪಿರಬೇಕು. ನಿನಗಾಗ ಹತ್ತು ವರ್ಷ.

ಒಂದೇ ರಾತ್ರಿಯಲ್ಲಿ ಪೂರ್ತಿ ಬದಲಾದೆ ಅಂತ ಸಭೆಯಲ್ಲಿ ಎದ್ದು ಸಾಕ್ಷಿ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಭಯ. ಅಮೇಜಿಂಗ್ ಗ್ರೇಸ್ ಹಾಡು ಬರೆದ ಜಾನ್ ನ್ಯೂಟನ್ 1748ರಲ್ಲಿ ಸಮುದ್ರದ ಬಿರುಗಾಳಿಗೆ ಸಿಕ್ಕಿ ದೇವರಿಗೆ ಮೊರೆಯಿಟ್ಟ. ಆದರೆ ಆಮೇಲೂ ಗುಲಾಮರನ್ನು ಸಾಗಿಸುವ ಹಡಗುಗಳಿಗೆ ಕ್ಯಾಪ್ಟನ್ ಆಗಿದ್ದ. 1754ರಲ್ಲಿ ಸಮುದ್ರ ಬಿಟ್ಟಿದ್ದೂ ಆರೋಗ್ಯ ಕೆಟ್ಟಿದ್ದರಿಂದ. ಆ ವ್ಯಾಪಾರದಲ್ಲಿ ತಾನು ಮಾಡಿದ್ದಕ್ಕೆ ನಾಚಿಕೆಪಟ್ಟು ಅದರ ವಿರುದ್ಧ ಬರೆದು ಅಚ್ಚು ಹಾಕಿಸಿದ್ದು 1788ರಲ್ಲಿ. ನಲವತ್ತು ವರ್ಷ! ಇದು ನೆಪ ಅಲ್ಲ. ಅಷ್ಟು ವರ್ಷದಲ್ಲಿ ಎಷ್ಟು ಜನ ನರಳಿದರು, ಯೋಚಿಸು. ಆದರೂ ದೇವರು ಅವನನ್ನು ಅಲ್ಲಿಗೆ ತಂದು ನಿಲ್ಲಿಸಿದ.

ಈಗ ನಿನ್ನ ಪ್ರಶ್ನೆ. ವಯಸ್ಸು ನನ್ನ ದನಿ ತಗ್ಗಿಸಿದೆ, ನಿಜ. ಆದರೆ ವಯಸ್ಸಾದಂತೆ ಕಹಿ ಜಾಸ್ತಿ ಆದ ಗಂಡಸರನ್ನೂ ನೀನು ನೋಡಿದ್ದೀಯ, ಅಲ್ವಾ? ಹೆಂಡತಿ ಮಗಳ ಮುಂದೆ ಕೂತು "ತಪ್ಪು ನನ್ನದೇ" ಅನ್ನುವುದನ್ನು ನನಗೆ ವಯಸ್ಸು ಕಲಿಸಲಿಲ್ಲ. ಆಗ ನನಗೆ ನಲವತ್ತೂ ದಾಟಿರಲಿಲ್ಲ. ಸಿಟ್ಟು ಈಗಲೂ ಬರುತ್ತದೆ. ಹೋದ ತಿಂಗಳು ಕೂಡ ಅಮ್ಮನ ಮೇಲೆ ರೇಗಿದೆ. ಆದರೆ ಹೊತ್ತು ಮುಳುಗುವ ಮೊದಲು ಅವಳ ಹತ್ತಿರ ಹೋದೆ. ಮೊದಲಾದರೆ ಮೂರು ದಿನ ಮನೆಯೆಲ್ಲ ಉಸಿರು ಬಿಗಿಹಿಡಿದಿರುತ್ತಿತ್ತು.

ಇನ್ನೊಂದು ಮಾತು. ದೇವರೇ ಕ್ಷಮಿಸಿದ್ದಾನೆ, ನೀನೂ ಮರೆತುಬಿಡು ಅನ್ನುವ ಗಂಡಸನ್ನು ನಂಬಬೇಡ. ಬೈಬಲ್ಲಿನ ರಾಜ ದಾವೀದನಿಗೆ ಕ್ಷಮೆ ಸಿಕ್ಕಿತು, ಆದರೂ ಅವನ ಪಾಪದ ನೋವು ಅವನ ಮನೆಯಲ್ಲೇ ಉಳಿಯಿತು. ನೀನು ನನ್ನನ್ನು ಕ್ಷಮಿಸಲು ಎಷ್ಟು ಸಮಯ ಬೇಕೋ ತೆಗೆದುಕೋ.

ಆ ಶನಿವಾರ ನಾನು ಬಗ್ಗಿ ಪೆನ್ಸಿಲ್ ತೆಗೆದುಕೊಡಲಿಲ್ಲ. ನೀನು ನೋಡುತ್ತಿದ್ದಂತೆಯೇ ನಿನ್ನನ್ನು ದಾಟಿಕೊಂಡು ಒಳಗೆ ಹೋದೆ. ಒಟ್ಟಾರೆ ಎಲ್ಲದಕ್ಕೂ ಕ್ಷಮೆ ಕೇಳಿದ್ದೇನೆ, ಆ ಸಂಜೆಗೆ ಅಂತ ಯಾವತ್ತೂ ಕೇಳಿರಲಿಲ್ಲ. ಇವತ್ತು ಕೇಳುತ್ತಿದ್ದೇನೆ.

ನಿನ್ನ
ಅಪ್ಪ