ಭಾನುವಾರ ಬೇಲಿ ತೊಳೆಯುವ ಕೆಲಸ, ಬೆಳಿಗ್ಗೆ 7ಕ್ಕೆ

ಬಡಾವಣೆಯ ಎಲ್ಲರಿಗೂ ನಮಸ್ಕಾರ. ಮಳೆ ನಿಂತಿದೆ, ಮಕ್ಕಳ ಆಟದ ಅಂಗಳದ ಮರದ ಬೇಲಿಗೆ ಮತ್ತೆ ವುಡ್ ಸ್ಟೇನ್ (ಮರದೊಳಕ್ಕೆ ಇಳಿಯುವ ತೆಳು ಬಣ್ಣ) ಹಚ್ಚಬೇಕು. ಆದರೆ ಈ ಭಾನುವಾರ ಯಾರೂ ಸ್ಟೇನ್ ಡಬ್ಬಿ ತೆರೆಯುವಂತಿಲ್ಲ!

ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗಿದ ಮೇಲ್ಪದರವೆಂದರೆ ಸಡಿಲಗೊಂಡ ನಾರು. ಅದರ ಮೇಲೆ ಹಚ್ಚಿದ್ದು ಅದರ ಜೊತೆಗೇ ಉದುರುತ್ತದೆ. ಹೋದ ಸಲ ಹಾಗೆಯೇ ಬಳಿದೆವು (ಅವಸರ ನನ್ನದೇ, ಒಪ್ಪಿಕೊಳ್ಳುತ್ತೇನೆ); ಒಂದೇ ಮಳೆಗಾಲಕ್ಕೆ ಹೊಪ್ಪಳೆ ಹೊಪ್ಪಳೆಯಾಗಿ ಕಿತ್ತುಬಂತು.

ಪಾಚಿಯನ್ನು ಸೋಪಿನ ನೀರು, ನೈಲಾನ್ ಬ್ರಷ್‌ನಿಂದ ಉಜ್ಜೋಣ. ತಂತಿ ಬ್ರಷ್ ಬೇಡ, ಅದರ ಚೂರುಗಳು ಮರದಲ್ಲಿ ಉಳಿದು ತುಕ್ಕಿನ ಕಲೆಯಾಗುತ್ತದೆ. ಪ್ರೆಶರ್ ವಾಷರ್ ತರುವವರು ಒಂದು ಅಡಿ ದೂರದಿಂದಲೇ ನೀರು ಬಿಡಿ, ಹತ್ತಿರ ಹಿಡಿದರೆ ಹಲಗೆ ಸೀಳಿ ನಾರೆದ್ದುಬಿಡುತ್ತದೆ. ಕಂಬಗಳ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ; ಮೆತ್ತಗೆ ಒಳಹೋದರೆ ಸೀಮೆಸುಣ್ಣದ ಗುರುತು ಹಾಕಿ, ಬಡಗಿಗೆ ತೋರಿಸುತ್ತೇನೆ.

ಚೆನ್ನಾಗಿ ಒಣಗಿದ ಮೇಲೆ, ಮುಂದಿನ ಭಾನುವಾರ, 80 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಮರದ ಎಳೆಯ ಉದ್ದಕ್ಕೂ ತಿಕ್ಕಬೇಕು. ಮಾಸ್ಕ್ ಮರೆಯಬೇಡಿ. ಆಮೇಲೆ ನಾಲ್ಕು ಹನಿ ನೀರು ಚಿಮುಕಿಸಿ: ಹೀರಿಕೊಂಡರೆ ಹಲಗೆ ಸಿದ್ಧ, ಮುತ್ತಿನಂತೆ ನಿಂತರೆ ಹಳೆಯ ಸ್ಟೇನ್ ಇನ್ನೂ ಕೂತಿದೆ, ಮತ್ತೆ ತಿಕ್ಕಬೇಕು.

ಬಕೆಟ್ ಇರುವವರು ತನ್ನಿ. ಕಾಫಿ ನಮ್ಮ ಮನೆಯಿಂದ.