ಬೆಲ್ಟು ಬೇಡ, ಬೆನ್ನಿಗೆ ಕೆಲಸ ಕೊಡು

ಮೈಸೂರು

ಚಿ. ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ಕತ್ತು ನೋವು ಅಂತಿದ್ದೀಯ, ಭುಜ ಮುಂದಕ್ಕೆ ಬಾಗಿದೆ, ಅದಕ್ಕೆ ಆನ್‌ಲೈನ್‌ನಲ್ಲಿ ಬೆನ್ನಿನ ಬೆಲ್ಟು ತರಿಸಿದ್ದೀಯ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಜೀವಮಾನವೆಲ್ಲ ಜನರಿಗೆ ಫಿಸಿಯೋಥೆರಪಿ ಮಾಡಿದ ಅತ್ತೆ ಮನೆಯಲ್ಲೇ ಇರುವಾಗ ಜಾಹೀರಾತು ನೋಡಿ ದುಡ್ಡು ಕೊಟ್ಟಿದ್ದೀಯ. ಇರಲಿ. ಬೆಲ್ಟು ಭುಜವನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ, ನಿಜ. ಆದರೆ ಆ ಕೆಲಸ ನಿನ್ನ ಬೆನ್ನಿನ ಸ್ನಾಯುಗಳದ್ದು ಅಲ್ವಾ? ಅವುಗಳ ಕೆಲಸವನ್ನು ಬೆಲ್ಟಿಗೆ ಒಪ್ಪಿಸಿದರೆ ಅವು ಗಟ್ಟಿಯಾಗುವುದು ಯಾವಾಗ? ಬಿಚ್ಚಿದ ಮೇಲೆ ಮತ್ತೆ ಅದೇ ಕಥೆ.

ಜೆಕ್ ದೇಶದಲ್ಲಿ ವ್ಲಾದಿಮಿರ್ ಯಾಂಡಾ ಅಂತ ಒಬ್ಬ ಡಾಕ್ಟರ್ ಇದ್ದರು. ನಿನ್ನಂಥವರ ಮೈಯನ್ನು ಪಕ್ಕದಿಂದ ನೋಡಿ ಅವರು ಹೇಳಿದ್ದು ಇಷ್ಟು: ಎದೆಯ ಸ್ನಾಯು ಮತ್ತು ಹಿಂಗತ್ತಿನ ಸ್ನಾಯು ಬಿಗಿದಿರುತ್ತವೆ. ಕತ್ತಿನ ಮುಂಭಾಗದ ಒಳಸ್ನಾಯು ಮತ್ತು ಬೆನ್ನಿನ ರೆಕ್ಕೆ ಮೂಳೆಗಳ ನಡುವಿನವು ಸೋತಿರುತ್ತವೆ. ಬಿಗಿದ ಎರಡು ಜಾಗಕ್ಕೆ ಒಂದು ಗೆರೆ, ಸೋತ ಎರಡು ಜಾಗಕ್ಕೆ ಒಂದು ಗೆರೆ ಎಳೆದರೆ ಗುಣಾಕಾರದ ಗುರುತು ಆಗುತ್ತದೆ. ಹಾಗಾಗಿ ನೋಯುವ ಜಾಗವನ್ನು ಮಾತ್ರ ಉಜ್ಜಿಕೊಂಡು ಕೂತರೆ ಅರ್ಧ ಕೆಲಸವೂ ಆಗಲ್ಲ.

ಇನ್ನೊಂದು ಮಾತು. ಭುಜ ಬಾಗಿದವರಿಗೆಲ್ಲ ನೋವು ಬರುತ್ತದೆ ಅಂತೇನಿಲ್ಲ. ಇಡೀ ದಿನ ಸೆಟೆದು ಕೂತವರೂ ಕತ್ತು ಹಿಡಿದುಕೊಂಡು ಬರೋದನ್ನು ನೋಡಿದ್ದೀನಿ. ಹೇಗೆ ಕೂತಿದ್ದೀಯ ಅನ್ನೋದಕ್ಕಿಂತ ಎಷ್ಟು ಹೊತ್ತು ಅಲುಗಾಡದೆ ಕೂತಿದ್ದೀಯ ಅನ್ನೋದು ಜಾಸ್ತಿ ಮುಖ್ಯ. ತಲೆ ಸುಮಾರು 5 ಕಿಲೋ ತೂಗುತ್ತದೆ. ಅದನ್ನು ಮುಂದಕ್ಕೆ ಚಾಚಿದಷ್ಟೂ ಹಿಂಗತ್ತಿನ ಸ್ನಾಯುಗಳಿಗೆ ಭಾರ ಜಾಸ್ತಿ. ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು, ಬೇರೆ ಕೀಬೋರ್ಡ್ ಹಾಕಿಕೋ. ಅರ್ಧ ಗಂಟೆಗೊಮ್ಮೆ ಎದ್ದು ನೀರು ಕುಡಿದು ಬಾ.

ಜಿಮ್ ಸೇರಿದ್ದು ಒಳ್ಳೆಯದೇ. ಆದರೆ ನಿಮ್ಮ ವಯಸ್ಸಿನ ಹುಡುಗರು ಕನ್ನಡಿಯಲ್ಲಿ ಕಾಣುವ ಸ್ನಾಯುಗಳಿಗೇ ಕೆಲಸ ಕೊಡುತ್ತೀರಿ. ಸೋಮವಾರ ಎದೆ, ಗುರುವಾರ ಮತ್ತೆ ಎದೆ! ಮೊದಲೇ ಬಿಗಿದ ಎದೆಗೆ ಇನ್ನಷ್ಟು ಬಲ, ಬೆನ್ನಿಗೆ ಉಪವಾಸ. ನಮ್ಮೂರಿನ ಗರಡಿಗಳಲ್ಲಿ ಪೈಲ್ವಾನರು ಬರೀ ದಂಡ ಹೊಡೆದು ಮನೆಗೆ ಹೋಗುತ್ತಿರಲಿಲ್ಲ. ಬಸ್ಕಿ ಹೊಡೆಯುತ್ತಿದ್ದರು, ಗದೆ ತಿರುಗಿಸುತ್ತಿದ್ದರು, ಕುಸ್ತಿಯ ಮಣ್ಣಿಗೆ ಇಳಿದರೆ ಎದುರಾಳಿಯನ್ನು ಎಳೆಯಲೇಬೇಕಿತ್ತು. ಸದ್ಯಕ್ಕೆ ನೀನು ಎದೆಗೆ ಒಂದು ತಳ್ಳುವ ವ್ಯಾಯಾಮ ಮಾಡಿದರೆ ಬೆನ್ನಿಗೆ ಎರಡು ಎಳೆಯುವ ವ್ಯಾಯಾಮ ಮಾಡು.

ಮನೆಯಲ್ಲಿ ಇದನ್ನು ಮಾಡು. ಗೋಡೆಗೆ ಬೆನ್ನು ಕೊಟ್ಟು ನಿಲ್ಲು, ಹಿಮ್ಮಡಿ ನಾಲ್ಕು ಬೆರಳಿನಷ್ಟು ಮುಂದಿರಲಿ. ಗದ್ದ ಎತ್ತದೆ ತಲೆಯ ಹಿಂಭಾಗ ಗೋಡೆಗೆ ತಾಗುತ್ತಾ ನೋಡು. ತಾಗಿಸಲು ಸೂರು ನೋಡಬೇಕಾಗಿ ಬಂದರೆ ತಲೆ ಮುಂದೆ ಬಂದಿದೆ ಅಂತಲೇ ಅರ್ಥ. ಈಗ ಗದ್ದವನ್ನು ಬಗ್ಗಿಸಬೇಡ, ನೇರವಾಗಿ ಹಿಂದಕ್ಕೆ ಸರಿಸು. ಗದ್ದದ ಕೆಳಗೆ ಇನ್ನೊಂದು ಗದ್ದ ಮೂಡಬೇಕು. ಕನ್ನಡಿಯಲ್ಲಿ ನೋಡಿಕೊಂಡರೆ ನಗು ಬರುತ್ತೆ, ಬರಲಿ. ಐದು ಸೆಕೆಂಡು ಹಿಡಿದು ಬಿಡು. ಹತ್ತು ಸಲ ಸಾಕು.

ಆಮೇಲೆ ರಬ್ಬರ್ ಪಟ್ಟಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಎರಡೂ ಕೈಯಿಂದ ಹೊಟ್ಟೆಯ ಕಡೆಗೆ ಎಳೆ. ಮೊಣಕೈ ಪಕ್ಕೆಗೆ ತಾಗಿದಂತೆ ಹಿಂದಕ್ಕೆ ಹೋಗಲಿ. ಭುಜ ಕಿವಿಯ ಕಡೆಗೆ ಏರಿತು ಅಂದರೆ ಹಿಂಗತ್ತೇ ಎಳೆಯುತ್ತಿದೆ, ಬೆನ್ನು ಸುಮ್ನೆ ಕೂತಿದೆ. ಹಗುರದ ಪಟ್ಟಿ ತಗೋ, ನಿಧಾನಕ್ಕೆ ಬಿಡು. ಕೊನೆಗೆ ಬಾಗಿಲ ಚೌಕಟ್ಟಿಗೆ ಮುಂಗೈ ಒತ್ತಿ ಒಂದು ಕಾಲು ಮುಂದಿಟ್ಟು ಅರ್ಧ ನಿಮಿಷ ನಿಲ್ಲು. ಎದೆ ಹಿಗ್ಗಿದ್ದು ಗೊತ್ತಾಗುತ್ತದೆ. ಹಿತವಾಗಿ ಎಳೆಯಬೇಕು, ನೋಯಬಾರದು. ವಾರದಲ್ಲಿ ಮೂರ್ನಾಲ್ಕು ದಿನ ಮಾಡಿದರೆ ಒಂದೂವರೆ ಎರಡು ತಿಂಗಳಲ್ಲಿ ಬೆನ್ನಿನ ಬಲದಲ್ಲಿ ವ್ಯತ್ಯಾಸ ಕಾಣುತ್ತದೆ. ಹದಿನೈದು ದಿನಕ್ಕೆ ಫೋಟೋ ತೆಗೆದು ಬೇಜಾರು ಮಾಡಿಕೋಬೇಡ.

ಕಟಿಂಗ್ ಶಾಪಿನಲ್ಲಿ ಮಸಾಜ್ ಮಾಡಿ ಕತ್ತನ್ನು ಲಟಕ್ಕನೆ ತಿರುಗಿಸುತ್ತಾರಲ್ಲ, ಅದಕ್ಕೆ ಮಾತ್ರ ಒಪ್ಪಬೇಡ. ಅಪರೂಪಕ್ಕಾದರೂ ಕತ್ತಿನ ರಕ್ತನಾಳ ಒಳಗೇ ಹರಿದು ಪಾರ್ಶ್ವವಾಯು ಆಗುವುದುಂಟು. ತಲೆಗೆ ಎಣ್ಣೆ ತಟ್ಟಿಸಿಕೋ, ಕತ್ತು ಮುಟ್ಟಬೇಡಿ ಅಂತ ಮೊದಲೇ ಹೇಳು.

ನೋವು ತೋಳಿಗೆ ಇಳಿದರೆ, ಬೆರಳು ಜೋಮು ಹಿಡಿದರೆ, ಕೈಯಲ್ಲಿ ಹಿಡಿದ ಲೋಟ ಜಾರಿದರೆ, ನನ್ನ ಈ ವ್ಯಾಯಾಮ ಎಲ್ಲಾ ನಿಲ್ಲಿಸಿ ತಡಮಾಡದೆ ಡಾಕ್ಟರಿಗೆ ತೋರಿಸು. ನಡಿಗೆ ತಪ್ಪುತ್ತಿದೆ ಅನ್ನಿಸಿದರೆ ಅವತ್ತೇ ಹೋಗು. ಇದೇನೂ ಇಲ್ಲ, ಬರೀ ಬಿಗಿತ ಅಂದರೆ ಭಾನುವಾರ ವಿಡಿಯೋ ಕಾಲ್ ಮಾಡು. ಫೋನನ್ನು ಪಕ್ಕಕ್ಕೆ ನಿಲ್ಲಿಸಿ ಪಟ್ಟಿ ಎಳೆದು ತೋರಿಸು, ಭುಜ ಏರುತ್ತಾ ಅಂತ ನಾನೇ ನೋಡಿ ಹೇಳುತ್ತೇನೆ.

ಇಂತಿ,
ನಿನ್ನ ಅತ್ತೆ