ಶನಿವಾರ ಅಕ್ಷರಗುಂಡಿಗೆ ಹೋಗೋಣ

ಪ್ರೀತಿಯ ಪೋಷಕರೇ, ನಮಸ್ಕಾರ.

ಈ ಶನಿವಾರ ಆರು, ಏಳನೇ ತರಗತಿ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗುತ್ತಿದ್ದೇವೆ. "ಅಲ್ಲೇನೈತೆ ಸಾರ್, ನಾವು ದಿನಾ ಕುರಿ ಹೊಡ್ಕೊಂಡು ಹೋಗೋ ಜಾಗ" ಅಂದರು ಒಬ್ಬರು. ಅದಕ್ಕೇ ಈ ಪತ್ರ.

ಅಲ್ಲಿಯ ಅಕ್ಷರಗುಂಡು ಬಂಡೆ ನಿಮಗೆಲ್ಲ ಗೊತ್ತು. ಅದರ ಮೇಲಿರುವುದು ಅಶೋಕನ ಶಾಸನ, ಸುಮಾರು 2,250 ವರ್ಷ ಹಳೆಯದು. ಇದನ್ನೂ ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳನ್ನೂ 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಪತ್ತೆ ಮಾಡಿದರು. ಅಶೋಕನ ಕಾಲದಲ್ಲಿ ಇಲ್ಲಿದ್ದ ಪಟ್ಟಣದ ಹೆಸರು ಇಸಿಲ. ಅಶೋಕನ ದಕ್ಷಿಣ ಪ್ರಾಂತ್ಯದ ರಾಜಧಾನಿ ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆದೇಶ ಇದು. ಶುರುವಿನಲ್ಲೇ ಅವರ ಆರೋಗ್ಯ ವಿಚಾರಿಸಿದ್ದಾರೆ! ನನಗೆ ಬರುವ ಸುತ್ತೋಲೆಗಳಲ್ಲಿ ಇಷ್ಟು ಮರ್ಯಾದೆ ಕಂಡಿಲ್ಲ.

ಅಪ್ಪ ಅಮ್ಮನ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ನಿಜ ಹೇಳಿ, ಶಿಷ್ಯರು ಗುರುಗಳನ್ನು ಗೌರವಿಸಲಿ ಅಂತ ಅದರಲ್ಲಿದೆ. ಕೊನೆಯದನ್ನು ನಾನು ಸೇರಿಸಿದ್ದಲ್ಲ, ಕಲ್ಲಿನಲ್ಲೇ ಇದೆ.

ಮಕ್ಕಳಿಗೆ ಜಾಸ್ತಿ ಇಷ್ಟವಾಗುವುದು ಕೊನೆಯ ಸಾಲು. ಬರೆದವನು ಚಪಡ ಅಂತ ತನ್ನ ಹೆಸರು ಹಾಕಿದ್ದಾನೆ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ಆದರೆ 'ಲಿಪಿಕಾರ', ಅಂದರೆ ಬರೆಯುವವನು, ಅನ್ನುವುದನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅದು ದೂರದ ವಾಯವ್ಯದ ಕಡೆಯ ಲಿಪಿ. ಅಲ್ಲಿಯ ಬರವಣಿಗೆ ಕಲಿತವನು ನಮ್ಮ ಶೇಂಗಾ ಹೊಲಗಳ ನಡುವೆ ಬಂದು ಕೂತು ಬರೆದ, ಅಲ್ವಾ?

ಹೋದ ವರ್ಷ ನಮ್ಮ ಹುಡುಗನೊಬ್ಬ ಪಕ್ಕದ ಬಂಡೆ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಗೀಚಿದ್ದ. ಗದರಿದೆ. "ಚಪಡನೂ ಬರೆದಿದಾನಲ್ಲ ಸಾರ್" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಇಬ್ಬರೂ ಸೇರಿ ನೀರು ಹಾಕಿ ತೊಳೆದೆವು. ಈ ಸಲ ಸೀಮೆಸುಣ್ಣ, ಮೊಳೆ ಏನೂ ಜೇಬಿನಲ್ಲಿರದಂತೆ ನೀವೇ ನೋಡಿ ಕಳಿಸಿ.

1947ರಲ್ಲಿ ಪುರಾತತ್ವಜ್ಞ ವೀಲರ್ ಅವರು ಅಗೆಸಿದ ಜಾಗ, ಸುತ್ತ ಕಲ್ಲು ನೆಟ್ಟ ಹಳೇ ಗೋರಿಗಳನ್ನೂ ನೋಡುತ್ತೇವೆ. ಹೊಲ ಉಳುವಾಗ ಇಂಥ ಕಲ್ಲು ಸಿಕ್ಕರೆ ದಯವಿಟ್ಟು ಕಿತ್ತು ಬದುವಿಗೆ ಹಾಕಬೇಡಿ, ನನಗೊಂದು ಮಾತು ಹೇಳಿ.

ಇನ್ನೊಂದು ಕೆಲಸ. ಶುಕ್ರವಾರ ರಾತ್ರಿ ಅಜ್ಜ ಅಜ್ಜಿಯರನ್ನು ಕೇಳಿ, ನಿಮ್ಮ ಹೊಲಕ್ಕೆ, ಹಳ್ಳಕ್ಕೆ, ಗುಂಡಿಗೆ ಆ ಹೆಸರು ಯಾಕೆ ಬಂತು ಅಂತ ಮಕ್ಕಳ ಕೈಲಿ ಬರೆಸಿ. ತಪ್ಪಿದ್ದರೂ ಪರವಾಗಿಲ್ಲ.

ಬೆಳಿಗ್ಗೆ ಏಳೂವರೆಗೆ ಶಾಲೆ ಹತ್ತಿರ ಸೇರೋಣ. ಬಿಸಿಲು ಜಾಸ್ತಿ, ಟೋಪಿ, ನೀರು, ರೊಟ್ಟಿ ಕಟ್ಟಿ ಕಳಿಸಿ. ಕುರಿ ಹೊಡೆದುಕೊಂಡು ಆ ಕಡೆ ಬರುವವರು ಅಲ್ಲೇ ಸಿಗಿ, ದಾರಿ ನಮಗಿಂತ ನಿಮಗೇ ಚೆನ್ನಾಗಿ ಗೊತ್ತು.

ನಿಮ್ಮ,
ಮುಖ್ಯ ಶಿಕ್ಷಕರು
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಮೊಳಕಾಲ್ಮುರು ತಾಲ್ಲೂಕು